ತಲೆ ತಗ್ಗಿಸಿದ್ದು ಗಾಜಿಗೆ

ಅಣ್ಣಿಗೇರಿಯ ಸ್ಟೇಶನ್ ರಸ್ತೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ದೇವರು, ತೀರಿಕೊಂಡವರು, ಶಾಲೆಗೆ ಮೊದಲು ಬಂದವರು, ಇಷ್ಟು ಮಂದಿಗೆ ಮಾತ್ರ ಇವತ್ತಿಗೂ ಗೋಡೆ ಬೇಕು. ಉಳಿದವರೆಲ್ಲ ಮೊಬೈಲಿನೊಳಗೇ ಸುಖವಾಗಿದ್ದಾರೆ. ಆದರೂ ದಿನಾ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತೇನೆ ಅಂದರೆ ಅದರಲ್ಲಿ ಅರ್ಧ ಪುಣ್ಯ ಹುಲಿಗೆಪ್ಪ ಕಾಕಾರದು. ನಮ್ಮೂರು ತಿರ್ಲಾಪುರದವರೇ. ಅರವತ್ತೊಂದು ವರ್ಷ, ಆರಡಿ ಎತ್ತರದ ಆಳು. ಈಗಲೂ ರೀಲಿನ ಕ್ಯಾಮೆರಾದಲ್ಲೇ ಫೋಟೋ ತೆಗೆಯುತ್ತಾರೆ. ಸಣ್ಣ ರೀಲಲ್ಲ, ಮೂರು ಬೆರಳು ಅಗಲದ್ದು, ಒಂದು ರೀಲಿಗೆ ಹನ್ನೆರಡೇ ಫೋಟೋ. ಮದುವೆ, ಬಸುರಿಯರ ಕುಬಸಗಳನ್ನೆಲ್ಲ ಡಿಜಿಟಲ್ ಕ್ಯಾಮೆರಾದವರು ಕಸಿದುಕೊಂಡು ಬಹಳ ವರ್ಷವಾಯಿತು. ಆದರೆ ಗೋಡೆಗೆ ಒಂದೇ ಒಂದು ಫೋಟೋ ಬೇಕು, ಮೊಮ್ಮಕ್ಕಳ ಕಾಲಕ್ಕೂ ಅದು ಮಾಸಬಾರದು ಅನ್ನುವವರು ನವಲಗುಂದದಿಂದಲೂ ಅವರನ್ನೇ ಹುಡುಕಿಕೊಂಡು ಬರುತ್ತಾರೆ.

ಕಾಕಾರ ಕ್ಯಾಮೆರಾ ಒಂದು ಚೌಕ ಡಬ್ಬಿ. ಅದರ ನೆತ್ತಿಯ ಮೇಲೆ ತಗಡಿನ ನಾಲ್ಕು ರೆಕ್ಕೆಗಳಿವೆ. ಬೆರಳಿನಿಂದ ಮೀಟಿದರೆ ರೆಕ್ಕೆಗಳೆದ್ದು ಸಣ್ಣದೊಂದು ಬಾವಿಯ ಹಾಗೆ ನಿಲ್ಲುತ್ತವೆ, ತಳದಲ್ಲಿ ಮಸುಕು ಗಾಜು. ಇದಕ್ಕೆ ಅವರು ಹುಡ್ ಅನ್ನುತ್ತಾರೆ. ಡಬ್ಬಿಯನ್ನು ಹೊಟ್ಟೆಗೆ ಆನಿಸಿ ಹಿಡಿದು, ತಲೆ ತಗ್ಗಿಸಿ ಒಳಗೆ ಇಣುಕಿದರೆ ಎದುರಿಗೆ ನಿಂತವರು ಆ ಗಾಜಿನ ಮೇಲೆ ಕಾಣುತ್ತಾರೆ, ಎಡ ಬಲ ಅದಲುಬದಲಾಗಿ. ನಲವತ್ತು ವರ್ಷ ಕಾಕಾರು ಹೀಗೆ ಬಗ್ಗಿಯೇ ನಮ್ಮ ಸೀಮೆಯ ಜನರನ್ನು ನೋಡಿದ್ದಾರೆ.

ಇಲ್ಲಿಯೇ ನಮ್ಮವರು ಒಂದು ತಪ್ಪು ಮಾಡಿದರು. ಕಾಕಾರದು ಊರಾಚೆಯ ಕೇರಿ, ಮನೆಯೊಳಗೆ ಬುದ್ಧನ ಚಿತ್ರ. ಆ ಕೇರಿಯಿಂದ ಬಂದವನು ತಮ್ಮೆದುರು ಕಣ್ಣೆತ್ತದೆ ತಲೆ ಬಾಗಿಸಿ ನಿಲ್ಲುತ್ತಾನೆ, ಎಂಥ ವಿನಯ ಎಂದು ಊರ ಹಿರಿಯರೆಲ್ಲ ನಂಬಿಬಿಟ್ಟರು. ಹಾಗೆ ನಂಬಿದವರಲ್ಲಿ ನಮ್ಮಜ್ಜ ಈರಪ್ಪ ಮೊದಲನೆಯವನು.

“ಅಗದಿ ಮರ್ಯಾದಿ ಬಲ್ಲಾಂವ ಹುಲಿಗ್ಯಾ. ನಮ್ಮ ಮುಂದ ಒಮ್ಮೆರೆ ತಲಿ ಎತ್ತ್ಯಾನೇನು ನೋಡು,” ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ. ಕಣ್ಣಿಗೆ ಕ್ಯಾಮೆರಾ ಹಿಡಿಯುವ ಹೊಸ ಫೋಟೋಗ್ರಾಫರುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಂದೂಕು ಹಿಡಿದಂತೆ ಹಿಡಿಯುತ್ತಾರೆ ಅನ್ನುತ್ತಿದ್ದ.

ಕಾಕಾರು ಬಗ್ಗುವುದು ಯಾತಕ್ಕೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಿದ್ದಲಿಲ್ಲ, ಅಜ್ಜನ ಜೊತೆ ಯಾರು ಬಾಯಿ ಹಚ್ಚಬೇಕು ಎಂದು ಸುಮ್ಮನಿದ್ದೆ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಕಾಕಾ ಅನ್ನುವ ನಾನು ಊರ ಮನೆಯಲ್ಲಿ, ಅಜ್ಜನ ಎದುರು, ‘ಹುಲಿಗೆಪ್ಪ’ ಎಂದು ಹೆಸರು ಹಿಡಿದೇ ಕರೆಯುತ್ತಿದ್ದೆ. ಅಂಗಡಿಯಲ್ಲಿ ಅವರು ನನ್ನ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಊರಲ್ಲಿ ನಮ್ಮ ಅಂಗಳಕ್ಕೆ ಬಂದು, ನಿಂತೇ ಫೋಟೋ ತೆಗೆದು, ನಿಂತ ಹಾಗೇ ಹೋಗುತ್ತಿದ್ದರು. ಕೂಡ್ರು ಎಂದು ಯಾರೂ ಅಂದಿರಲಿಲ್ಲ, ನಾನೂ ಅಂದಿರಲಿಲ್ಲ.

ಕಳೆದ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಕಾಕಾರ ಕುತ್ತಿಗೆ ಕೈ ಕೊಟ್ಟಿತು. ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದವು. ಕುತ್ತಿಗೆಯ ಎಲುಬು ಸವೆದಿದೆ, ಇನ್ನು ಮೇಲೆ ತಲೆ ಬಗ್ಗಿಸುವ ಕೆಲಸ ಬಿಡಬೇಕು ಎಂದು ಡಾಕ್ಟರು ಹೇಳಿದರು. ಬಗ್ಗದೆ ಆ ಹುಡ್‌ನೊಳಗೆ ನೋಡುವುದು ಹೇಗೆ? ಕ್ಯಾಮೆರಾ ಪೆಟ್ಟಿಗೆಗೆ ಹಾಕಿ ಕೂಡ್ರುವುದೇ ಸರಿ ಎಂದು ಕಾಕಾರು ಮುಖ ಸಣ್ಣದು ಮಾಡಿಕೊಂಡರು. ನಾನು ಗಾಜಿನ ಹಾಳೆ ತರಲು ಹುಬ್ಬಳ್ಳಿಗೆ ಹೊರಟಾಗ ಅವರನ್ನೂ ಎಳೆದುಕೊಂಡು ಹೋದೆ. ಅಲ್ಲಿ ಮುನಾಫ್ ಎಂಬ ಹಳೆಯ ಪರಿಚಯಸ್ಥರಿದ್ದಾರೆ. ರೀಲಿನ ಕ್ಯಾಮೆರಾ ಬಿಚ್ಚಿ ಜೋಡಿಸಬಲ್ಲವರು ಈಗ ಈ ಭಾಗದಲ್ಲಿ ಅವರೊಬ್ಬರೇ ಇರಬೇಕು.

ಮುನಾಫ್ ಭಾಯಿ ಕಪಾಟಿನಿಂದ ಮುಷ್ಟಿ ಗಾತ್ರದ ಕಪ್ಪು ಗಡ್ಡೆಯೊಂದನ್ನು ತೆಗೆದರು. ಹುಡ್ ಕಳಚಿ ಆ ಜಾಗದಲ್ಲಿ ಅದನ್ನು ಕೂಡಿಸಿದರು. ಅದು ಪ್ರಿಸಮ್. ಹಿಂದಿನ ಸಣ್ಣ ಕಿಂಡಿಗೆ ಕಣ್ಣಿಟ್ಟರೆ ಎದುರಿನದು ನೇರವಾಗಿ ಕಾಣುತ್ತದೆ.

“ಇನ್ನ ತಲಿ ಎತ್ತಿ ನೋಡ್ರಿ ಹುಲಿಗೆಪ್ಪಣ್ಣ. ಎಡಾ ಎಡಕ ಕಾಣ್ತತಿ, ಬಲಾ ಬಲಕ,” ಅಂದರು ಮುನಾಫ್. “ಒಂದ ಮಾತು. ನಿಮ್ಮ ಹುಡ್ ನನಗ ಕೊಡಬೇಕು. ಪುಣೆದಾಗ ಒಬ್ಬ ಎರಡ ವರ್ಷ ಆತು ಇದಕ ಕಾಯಾಕ ಹತ್ಯಾನ. ಹದಿನೈದ ದಿನ ಎರಡೂ ಒಯ್ರಿ, ತೆಗದ ನೋಡ್ರಿ. ಆಮ್ಯಾಲೆ ಒಂದು ನಿಮಗ, ಒಂದು ನನಗ.”

ಬಸ್ಸಿನಲ್ಲಿ ಕಾಕಾರು ಪ್ರಿಸಮ್ಮಿಗೆ ಕಣ್ಣಿಟ್ಟುಕೊಂಡೇ ಬಂದರು. ನನಗೆ ಖುಷಿಯಾಗಿತ್ತು, ಸಮಸ್ಯೆ ಮುಗಿಯಿತು ಎಂದು. ಅವರ ಮುಖದಲ್ಲಿ ಮಾತ್ರ ಅಂಥ ಕಳೆಯೇನೂ ಕಾಣಲಿಲ್ಲ.

ಮುಂದಿನ ಭಾನುವಾರ ಅವರು ಅಂಗಡಿಗೆ ಬಂದಾಗ ಜೊತೆಗೆ ಮಗಳು ಮಲ್ಲಿಕಾ ಇದ್ದಳು. ನವಲಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಾತು ಖಡಕ್. ಕಾಕಾರು ಎರಡು ಪ್ರಿಂಟುಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಅವರ ತಾಯಿ ಸಾವಂತ್ರೆವ್ವ, ಅದೇ ಬಾಗಿಲು, ಅದೇ ಇಳಕಲ್ ಸೀರೆ. ಒಂದು ಹುಡ್‌ನಿಂದ ತೆಗೆದದ್ದು, ಇನ್ನೊಂದು ಪ್ರಿಸಮ್ಮಿನಿಂದ. ಮೊದಲನೆಯದರಲ್ಲಿ ಆ ಗಿಡ್ಡ ಮುದುಕಿಯ ತಲೆ ಬಾಗಿಲ ಚೌಕಟ್ಟಿಗೆ ತಾಗುವಂತಿತ್ತು, ಗತ್ತಿನಿಂದ ನಮ್ಮನ್ನು ನೋಡುತ್ತಿದ್ದಳು. ಎರಡನೆಯದರಲ್ಲಿ ಅವಳು ಯಾವುದೋ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವಳ ಹಾಗಿದ್ದಳು.

“ಇದ್ರಾಗ ಅವ್ವ ನಿಂತಾಳ. ಇದ್ರಾಗ ಅವ್ವನ್ನ ನಿಂದರ್ಸ್ಯಾರ,” ಅಂದರು ಕಾಕಾ. “ಹೊಟ್ಟಿ ಎತ್ತರದಿಂದ ನೋಡಿದ್ರ ಮನಶ್ಯಾ ಬೆಳೀತಾನ ಪ್ರಭು. ನಾ ಇಷ್ಟುದ್ದ ಅದೇನಿ. ನನ್ನ ಕಣ್ಣಿನ ಎತ್ತರದಿಂದ ನೋಡಿದ್ರ ಎಲ್ಲಾರೂ ಕುಗ್ಗತಾರ. ಅದಕ್ಕ ಹುಡ್‌ನ ಇಟ್ಕೊಳ್ಳೂಣು ಅಂತ ಮಾಡೇನಿ. ಕುತಗಿ ಹೆಂಗರ ಇರಲಿ.”

“ಮುನಾಫ್ ಭಾಯಿಗೆ ಫೋನ್ ಮಾಡಿದ್ಯಲ್ಲಪ್ಪಾ, ಅವ್ರ ಏನಂದ್ರು ಅದನ್ನೂ ಹೇಳು,” ಅಂದಳು ಮಲ್ಲಿಕಾ.

“ಪ್ರಿಸಮ್ ಹಾಕ್ಕೊಂಡು ಮೊಣಕಾಲ ಊರಿ ತೆಗೀರಿ ಅಂದ್ರು.”

“ಚಲೋ ಆತು! ಬಗ್ಗೂದು ಬಿಟ್ಟು ಈಗ ಮೊಣಕಾಲ ಊರೂದೊಂದು ಬಾಕಿ ಇತ್ತು.”

ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದಳು, “ಪ್ರಭಣ್ಣಾ, ನಾ ಐದನೇತ್ತೆ ಇದ್ದಾಗ ಅಪ್ಪನ ಚೀಲ ಹಿಡ್ಕೊಂಡು ನಿಮ್ಮ ಮನಿಗೆ ಬಂದಿದ್ದೆ. ಅಪ್ಪ ಬಗ್ಗಿ ಫೋಟೋ ತೆಗೆಯಾಕ ಹತ್ತಿದ್ದ. ನಿಮ್ಮ ಅಜ್ಜ ಎಲ್ಲಾರ ಮುಂದ ನನಗ ಹೇಳಿದ್ರು, ನೋಡಬೇ, ನಿಮ್ಮಪ್ಪ ಹೆಂಗ ತಲಿ ತಗ್ಗಿಸಿ ನಿಂತಾನ, ಹಂಗ ಇರಬೇಕು ಅಂತ. ನೀವೂ ಅಲ್ಲೇ ಇದ್ರಿ. ಅವತ್ತಿಂದ ನನಗ ಆ ಹುಡ್ ಕಂಡ್ರ ಮೈ ಉರೀತತಿ.”

ನಾನು ಮೊಳೆಯ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದೆ. ಏನೂ ಬೇಕಾಗಿರಲಿಲ್ಲ.

“ನಾ ಯಾರಿಗೂ ತಗ್ಗಿಸಿಲ್ಲವಾ. ಗಾಜ ನೋಡಾಕ ತಗ್ಗಿಸಿದ್ದೆ,” ಅಂದರು ಕಾಕಾ ಮೆಲ್ಲಗೆ.

“ಅದು ನಿನಗ ಗೊತ್ತೈತಿ, ನನಗ ಗೊತ್ತೈತಿ. ಅವ್ರಿಗೆ ಗೊತ್ತೈತೇನು?”

ಕಾಕಾರು ಸ್ಟೂಲಿನ ಮೇಲೆ ಕುಳಿತು, ಕೈ ಸುಮ್ಮನಿರದೆ, ಕ್ಯಾಮೆರಾಕ್ಕೆ ಪ್ರಿಸಮ್ ಏರಿಸಿ ಕಣ್ಣಿಗೆ ಹಿಡಿದರು. ಮಲ್ಲಿಕಾ ಅಂಗಡಿಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಸಿಟ್ಟು ಇನ್ನೂ ಇಳಿದಿರಲಿಲ್ಲ. ಕಾಕಾರು ಬಹಳ ಹೊತ್ತು ನೋಡಿದರು.

“ಮಲ್ಲಿಕಾ, ಹಂಗ ನಿಂದರು. ಅಳ್ಳಾಡಬ್ಯಾಡ,” ಅಂದರು. ಆಮೇಲೆ ಒಮ್ಮೆಲೇ ನಗತೊಡಗಿದರು. “ಕುಂತ್ರ ಆತಲ್ಲೋ ಪ್ರಭು! ಇಷ್ಟ ಸಾದಾ ವಿಚಾರ, ನನ್ನ ತಲಿಗೆ ಯಾಕ ಹೊಳೀಲಿಲ್ಲ?”

ನಾನೂ ಕುಳಿತು ನೋಡಿದೆ. ಹೌದು. ನಿಂತಾಗ ಹೊಟ್ಟೆಯ ಬಳಿ ಹುಡ್ ಎಷ್ಟು ಎತ್ತರಕ್ಕಿರುತ್ತಿತ್ತೋ, ಕುಳಿತಾಗ ಕಣ್ಣೂ ಅಲ್ಲಿಗೇ ಬರುತ್ತದೆ. ಬಾಗಿಲಲ್ಲಿ ನಿಂತ ಮಲ್ಲಿಕಾ ಬೆಳೆದಿದ್ದಳು, ನೋಡುವವರ ಕುತ್ತಿಗೆ ನೆಟ್ಟಗೇ ಇತ್ತು. ತಂದೆಗೆ ಬೇಕಾದದ್ದೂ ಮಗಳಿಗೆ ಬೇಕಾದದ್ದೂ ಎರಡೂ ಸಿಕ್ಕವು ಎಂದು ನಾನು ಚಹಾ ಹೇಳಿದೆ. ಮಲ್ಲಿಕಾಳೂ ನಕ್ಕಳು, ಆದರೆ ಚಹಾ ಬರುವುದರೊಳಗೆ ಆ ನಗು ಆರಿಹೋಗಿತ್ತು.

“ಬರೂ ಭಾನುವಾರ ಈರಪ್ಪಜ್ಜನ ಫೋಟೋ ಐತಲ್ಲಪ್ಪಾ. ಅಲ್ಲಿ ಕುಂದರ್ತಿಯೇನು?”

ಆ ಫೋಟೋದ ವಿಷಯ ಹೇಳಬೇಕು. ಅಜ್ಜನಿಗೆ ಎಂಬತ್ತೆಂಟು. ಗೋಡೆಗೆ ಒಂದು ಫೋಟೋ ಬೇಕು, ಅದೂ ನಿಂತ ಫೋಟೋ ಬೇಕು ಎಂದು ಹಟ ಹಿಡಿದಿದ್ದ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂಡಿಸುತ್ತೇವೆ. ಮನೆಯವರೆಲ್ಲ ಸುತ್ತ ನಿಂತು ಕೊನೆಯ ಫೋಟೋ ತೆಗೆಸುತ್ತೇವೆ. “ಕುಂತ ಫೋಟೋ ಹೆಂಗೂ ಒಂದಿನ ತೆಗೀತೀರಿ, ಅದನ್ನ ನೋಡಾಕ ನಾ ಇರೂದಿಲ್ಲ. ಈಗ ನಿಂತದ್ದು ತೆಗೀರಿ,” ಎಂದು ಅಜ್ಜ ಹೇಳಿದ್ದ. ಅಜ್ಜ ನಿಂತು, ಅವನ ಎದುರು ಹುಲಿಗೆಪ್ಪ ಕಾಕಾ ಕುರ್ಚಿಯ ಮೇಲೆ ಕೂಡ್ರುವುದೇ? ಅದೂ ನಮ್ಮ ಅಂಗಳದಲ್ಲಿ?

ಕಾಕಾರು ಚಹಾದ ಲೋಟ ಕೆಳಗಿಟ್ಟರು. “ಕೇಳ್ತೇನಿ. ಅಲ್ಲಿ ಖುರ್ಚಿ ಕೇಳಾಕ ನನ್ನ ಬಾಯಿ ಬರಲಿಲ್ಲ ಅಂದ್ರ ಪ್ರಿಸಮ್ ಮುನಾಫ್‌ಗೆ ವಾಪಸ್. ಒಂದ ಮನಿಯಾಗ ಒಂದ ನಮೂನಿ, ಇನ್ನೊಂದ ಮನಿಯಾಗ ಇನ್ನೊಂದ ನಮೂನಿ ನನಗ ಆಗೂದಿಲ್ಲ.”

ನಾನು ಆಗ ಹೇಳಬಹುದಿತ್ತು, ನೀವು ಕೇಳುವುದು ಬೇಡ ಕಾಕಾ, ನಾನೇ ಕುರ್ಚಿ ಹಾಕಿ ಇಟ್ಟಿರುತ್ತೇನೆ ಎಂದು. ನಾಲಿಗೆ ಹೊರಳಲಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಭಾನುವಾರ ಬೆಳಿಗ್ಗೆ ಅಜ್ಜ ಎಂಟಕ್ಕೇ ತಯಾರು. ಹಣೆಗೆ ವಿಭೂತಿ, ಬಿಳಿ ಧೋತರ, ತಲೆಗೆ ರುಮಾಲು. ಅಂಗಳದಲ್ಲಿ ತನ್ನ ಸಾಗವಾನಿ ಕುರ್ಚಿಯ ಮೇಲೆ ಕುಳಿತು ಕೋಲಿನಿಂದ ನೆಲ ಕುಟ್ಟುತ್ತಿದ್ದ. ಕಾಕಾರು ಬಂದರು. ಸ್ಟ್ಯಾಂಡು ಹೊತ್ತು ಮಲ್ಲಿಕಾ ಬಂದಳು. ಕ್ಯಾಮೆರಾದ ಮೇಲೆ ಪ್ರಿಸಮ್ ಇತ್ತು, ಹುಡ್ ಚೀಲದಲ್ಲಿ. ಅಜ್ಜ ಕೋಲೂರಿ ಎದ್ದು ಗೋಡೆಯ ಮುಂದೆ ನಿಂತ. ಕಾಕಾರು ನಿಂತಲ್ಲೇ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದು ಅಜ್ಜನನ್ನು ನೇರ ನೋಡಿದರು.

ಅಜ್ಜನ ಹುಬ್ಬು ಮೇಲೇರಿತು. “ಯಾಕಲೇ ಹುಲಿಗ್ಯಾ, ಇವತ್ತ ತಲಿ ಮ್ಯಾಲ ಐತಿ? ಎಲ್ಲಿ ಹೋತು ನಿನ್ನ ಮರ್ಯಾದಿ?”

ಅವನು ಚೇಷ್ಟೆಗೇ ಅಂದಿರಬಹುದು. ಆದರೆ ಯಾರೂ ನಗಲಿಲ್ಲ. ಮಲ್ಲಿಕಾ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದದ್ದು ಕಂಡಿತು. ಕಾಕಾರು ಕ್ಯಾಮೆರಾ ಇಳಿಸಿದರು. ಪ್ರಿಸಮ್ ಕಳಚಿ ಹುಡ್ ಏರಿಸಿ, ಅಜ್ಜನ ಹತ್ತಿರ ಹೋಗಿ, ಅವನ ಹೊಟ್ಟೆಯ ಬಳಿ ಡಬ್ಬಿಯನ್ನು ಹಿಡಿದರು.

“ಇದ್ರಾಗ ಒಂದೀಟ ನೋಡ್ರಿ ಅಜ್ಜಾರ.”

“ಏನ್ ನೋಡ್ಲಿ? ಏನೂ ಕಾಣವಲ್ದು.”

“ತಲಿ ತಗ್ಗಸ್ರಿ. ಇನ್ನೊಂದೀಟ. ಈಗ?”

ಅಜ್ಜ ಒಂದು ಕೈಯಿಂದ ರುಮಾಲು ಹಿಡಿದುಕೊಂಡು ಹುಡ್‌ನೊಳಗೆ ಇಣುಕಿದ. “ಅಯ್ ಇವನಾಪನ, ನಿನ್ನ ಮಗಳ ಇದರಾಗ ನಿಂತಾಳಲ್ಲೋ! ಎಷ್ಟ ಎತ್ತರ ಆಗ್ಯಾಳ!”

“ನಲವತ್ತ ವರ್ಷ ನಾ ಬಗ್ಗಿದ್ದು ಇದನ್ನ ನೋಡಾಕ್ರಿ. ನಿಮಗ ಅಲ್ರಿ,” ಅಂದರು ಕಾಕಾ. ದನಿ ಏರಲಿಲ್ಲ. “ನೀವು ಬ್ಯಾರೆ ತಿಳಕೊಂಡ್ರಿ. ನಾನೂ ಬಾಯಿ ಬಿಟ್ಟು ಹೇಳಲಿಲ್ಲ. ಅಷ್ಟು ನಂದೂ ತಪ್ಪೈತಿ.”

ಅಜ್ಜ ತಲೆ ಎತ್ತಲಿಲ್ಲ. ನೋಡುವುದು ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದ. ಗಾಜಿನಲ್ಲಿ ಅವನಿಗೆ ಇನ್ನೂ ಏನು ಕಾಣುತ್ತಿತ್ತೋ ನನಗೆ ತಿಳಿಯದು. ಕೊನೆಗೆ ನೆಟ್ಟಗಾಗಿ, ರುಮಾಲು ಸರಿಮಾಡಿಕೊಂಡು, “ಮತ್ತ ಇವತ್ತ ಹೆಂಗ ತೆಗೀತಿ?” ಅಂದ.

“ಡಾಕ್ಟರ ಬಗ್ಗಬ್ಯಾಡ ಅಂದಾರ್ರಿ. ನಿಂತ ತೆಗೆದ್ರ ನೀವು ಗಿಡ್ಡ ಕಾಣ್ತೀರಿ. ನೀವು ಎತ್ತರ ಕಾಣಬೇಕಂದ್ರ ನಾ ಕುಂತ ತೆಗೀಬೇಕು.” ಕಾಕಾರು ಹುಡ್‌ನ ರೆಕ್ಕೆಗಳನ್ನು ಮಡಚಿದರು. “ನನಗೊಂದು ಖುರ್ಚಿ ಬೇಕ್ರಿ ಅಜ್ಜಾರ.”

ಕೇಳಿಬಿಟ್ಟರು. ನನ್ನ ಕಾಲಿಗೆ ಆಗ ಜೀವ ಬಂತು. ನಾನು ಓಡಿದೆ.

“ಎಲ್ಲಿಗೆ ಹೊಂಟ್ಯೋ ಪ್ರಭು?” ಎಂದು ಅಜ್ಜ ಗದರಿದ.

“ಖುರ್ಚಿ ತರಾಕ.”

“ದನದ ಮನಿಗೆ?”

ನಾನು ನಿಂತೆ. ಪಡಸಾಲೆಯಲ್ಲಿ ಬಂದವರಿಗೆಂದು ಆರು ಕುರ್ಚಿಗಳಿದ್ದವು, ನನ್ನ ಕೈಯಳತೆಯಲ್ಲೇ. ನಾನು ಓಡುತ್ತಿದ್ದದ್ದು ಹಿತ್ತಿಲ ಕಡೆಗೆ, ಕೊಟ್ಟಿಗೆಯಲ್ಲಿ ಕೂಲಿಯವರಿಗೆಂದು ಇಟ್ಟ ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿಗೆ. ಯಾರೂ ಹೇಳಿರಲಿಲ್ಲ, ಕಾಲು ತಾನಾಗಿಯೇ ಆ ದಾರಿ ಹಿಡಿದಿತ್ತು. ಮಲ್ಲಿಕಾ ನನ್ನನ್ನೇ ನೋಡುತ್ತಿದ್ದಳು. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಅಜ್ಜ ಕೋಲಿನಿಂದ ತನ್ನ ಸಾಗವಾನಿ ಕುರ್ಚಿಯನ್ನು ತೋರಿಸಿದ. “ಇದ ಖಾಲಿ ಐತಲ್ಲ. ನಾ ಅಂತೂ ನಿಂತೇನಿ.”

ಆ ಕುರ್ಚಿಯ ಮೇಲೆ ಅಜ್ಜನ ಎದುರು ನಮ್ಮಪ್ಪನೂ ಕೂತವನಲ್ಲ. ಕಾಕಾರು ಅದನ್ನು ಎತ್ತಿ ತಮಗೆ ಬೇಕಾದಷ್ಟು ದೂರದಲ್ಲಿ ಇಟ್ಟುಕೊಂಡರು. ಪ್ರಿಸಮ್ ಏರಿಸಿ, ಸ್ಟ್ಯಾಂಡಿನ ಕಾಲು ಗಿಡ್ಡ ಮಾಡಿ, ಕುಳಿತರು. ಬೆನ್ನು ನೆಟ್ಟಗಿತ್ತು. ಅಜ್ಜ ನಿಂತಿದ್ದ. ಮೂರು ಸಲ ಶಟರ್ ಬಿತ್ತು. “ಮುಗೀತ್ರಿ,” ಅಂದರು ಕಾಕಾ.

ಮಲ್ಲಿಕಾಳನ್ನು ನವಲಗುಂದದ ಬಸ್ಸಿಗೆ ಹತ್ತಿಸಲು ಕಾಕಾರು ಹೊರಟಾಗ ನಾನೂ ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದೆ. ಕಾಕಾರು ಹುಡುಗನ ಹಾಗೆ ಹಗುರಾಗಿದ್ದರು. ಅರ್ಧ ದಾರಿಯಲ್ಲಿ ಮಲ್ಲಿಕಾ ಹೇಳಿದಳು, “ಅಪ್ಪಾ, ಅವ್ರು ಖುರ್ಚಿ ಕೊಟ್ಟಿದ್ದು ಕ್ಯಾಮೆರಾಕ್ಕ. ನಿನಗಲ್ಲ.”

“ಇರಲಿ ಬಿಡವಾ. ಕುಂತಾಂವ ನಾನ ಅಲ್ಲೇನು?” ಅಂದರು ಕಾಕಾ. ಅಂದರೂ ಅವರ ನಡಿಗೆ ಸ್ವಲ್ಪ ನಿಧಾನವಾಯಿತು. ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮರುದಿನವೇ ಅವರು ಹುಬ್ಬಳ್ಳಿಗೆ ಹೋಗಿ ಹುಡ್ಡನ್ನು ಮುನಾಫ್ ಅವರ ಕೈಗಿಟ್ಟು ಬಂದರು. ನಲವತ್ತು ವರ್ಷದ ಒಡನಾಡಿಯನ್ನು ಕೊಟ್ಟದ್ದಕ್ಕೆ ಬೇಸರವಾಯಿತೇ ಎಂದು ಕೇಳಿದೆ. ಆಯಿತು ಅಂದರು, ಬಸ್ಸಿನಲ್ಲಿ ಕಣ್ಣೀರೂ ಬಂತಂತೆ. ಆದರೆ ಕೈಬೆರಳಿನ ಜೋಮು ಕಡಿಮೆಯಾಗುತ್ತಿದೆ, ಇನ್ನು ಹತ್ತು ವರ್ಷ ಫೋಟೋ ತೆಗೆಯಬಹುದು ಎಂದು ಅದೇ ಉಸಿರಿನಲ್ಲಿ ಹೇಳಿದರು. ಕುಂದಗೋಳ ಕಡೆಯ ಕುಬಿಹಾಳದಿಂದ ಯಾರೋ ಕರೆದಿದ್ದಾರೆ, ಫೋನಿನಲ್ಲೇ ಅವರಿಗೆ ‘ಒಂದು ಖುರ್ಚಿ ಇಟ್ಟಿರ್ರಿ’ ಎಂದು ತಿಳಿಸಿದ್ದೇನೆ ಎಂದೂ ಹೇಳಿದರು.

ಹತ್ತು ದಿನದಲ್ಲಿ ಅಜ್ಜನ ಪ್ರಿಂಟು ಬಂತು. ನನ್ನ ಅಂಗಡಿಯಲ್ಲಿ ಎಷ್ಟೋ ಫೋಟೋಗಳಿಗೆ ಕಟ್ಟು ಹಾಕಿದ್ದೇನೆ, ಇಂಥದ್ದನ್ನು ಹಾಕಿರಲಿಲ್ಲ. ಐದಡಿ ದಾಟದ ಅಜ್ಜ ಅದರಲ್ಲಿ ಹೆಬ್ಬಾಗಿಲಿನಷ್ಟು ಎತ್ತರ ನಿಂತಿದ್ದ. ಆದರೆ ಮುಖದಲ್ಲಿ ಎಂದಿನ ಬಿಗಿ ಇರಲಿಲ್ಲ. ಎದುರಿಗಿರುವವರಿಗೆ ಏನೋ ಹೇಳಬೇಕೆಂದು ಮಾತು ಹುಡುಕುತ್ತಿರುವ ಹಾಗಿತ್ತು. ಒಳ್ಳೆಯ ಕಟ್ಟು ಹಾಕಿ, ಕಾಗದ ಸುತ್ತಿ, ಕಾಕಾರನ್ನೂ ಕರೆದುಕೊಂಡು ಸಂಜೆಗೆ ಮುಂಚೆ ಊರಿಗೆ ಹೋದೆ.

ಅಜ್ಜ ಅಂಗಳದಲ್ಲಿ ತನ್ನ ಕುರ್ಚಿಯಲ್ಲಿ ಕುಳಿತಿದ್ದ. ಕಾಕಾರು ಎಂದಿನ ಜಾಗದಲ್ಲಿ, ಮೆಟ್ಟಿಲ ಹತ್ತಿರ, ನಿಂತುಕೊಂಡರು. ನಾನು ಕಾಗದ ಬಿಚ್ಚಲು ಹೊರಟೆ. ಅಜ್ಜ ಕೈ ಅಡ್ಡ ಹಿಡಿದ.

“ಫೋಟೋ ಆಮ್ಯಾಲೆ ನೋಡೂಣು. ಮೊದಲ ಪಡಸಾಲಿಯಿಂದ ಒಂದು ಖುರ್ಚಿ ತಗೊಂಬಾ.”

ಈ ಸಲ ನನ್ನ ಕಾಲು ದಾರಿ ತಪ್ಪಲಿಲ್ಲ. ಕುರ್ಚಿ ತಂದು ಅಜ್ಜನ ಬಾಜೂಕ್ಕೇ ಹಾಕಿದೆ. “ಕುಂದರ್ರಿ ಕಾಕಾ,” ಅಂದೆ. ಅಜ್ಜನ ಎದುರು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಅಜ್ಜ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಕಾಕಾರ ಕಡೆ ತಿರುಗಿ, “ಕುಂದರಪಾ ಹುಲಿಗೆಪ್ಪಾ,” ಅಂದ.

ಕಾಕಾರು ಕುಳಿತರು. ಅವತ್ತು ಅವರು ಕ್ಯಾಮೆರಾ ತಂದಿರಲಿಲ್ಲ.